ಬಣ್ಣ ಮೊದಲು, ನೀರು ಆಮೇಲೆ

ಬಳ್ಳಾರಿ ಕಡೆಯ ಎಣ್ಣೆಗಾಯಿಗೆ ಬೀಳುವ ಸಾಮಾನನ್ನೆಲ್ಲ ಒಂದು ತಟ್ಟೆಯಲ್ಲಿ ಸಾಲಾಗಿ ಇಟ್ಟು ನೋಡಿ. ಉಳ್ಳಾಗಡ್ಡಿ ಒಳಗೆ ಬಿಳಿ. ಒಣಕೊಬ್ಬರಿ, ಎಳ್ಳು, ಬಳ್ಳೊಳ್ಳಿ ಎಲ್ಲವೂ ಬಿಳಿ. ಸಿಪ್ಪೆ ತೆಗೆದ ಶೇಂಗಾ ಕೆನೆಬಣ್ಣ, ಖಾರದಪುಡಿ ಕೆಂಪು, ಬದನೆಕಾಯಿ ನೇರಳೆ. ಹುಣಸೆಹಣ್ಣು ಮತ್ತು ಬೆಲ್ಲ ಮಾತ್ರ ಕಂದು. ಅವು ಬೀಳುವುದೂ ಸ್ವಲ್ಪವೇ. ಆದರೂ ಒಲೆಯಿಂದ ಇಳಿಸುವ ಹೊತ್ತಿಗೆ ಬಾಣಲೆಯಲ್ಲಿ ಇರುವುದು ರೊಟ್ಟಿಗೆ ಮೆತ್ತಿಕೊಳ್ಳುವಂಥ ಗಾಢ ಕಂದು ಮಸಾಲೆ, ಅದರ ಮೇಲೆ ತೇಲುವ ಕೆಂಪು ಎಣ್ಣೆ. ಸಾಮಾನಿನಲ್ಲಿ ಇಲ್ಲದ ಬಣ್ಣ ಅಡುಗೆಯಲ್ಲಿ ಎಲ್ಲಿಂದ ಬಂತು?

ಸಿರುಗುಪ್ಪದಲ್ಲಿ ಅನ್ನಕ್ಕೆ ಕಲಸಿಕೊಳ್ಳುವ ಮಟನ್ ಸಾರಿಗೂ, ಕುರುಗೋಡಿನಲ್ಲಿ ಜೋಳದ ರೊಟ್ಟಿಗೆ ಹಚ್ಚಿಕೊಳ್ಳುವ ಬದನೆಕಾಯಿ ಪಲ್ಯಕ್ಕೂ, ಬಳ್ಳಾರಿ ನಗರದ ಹೋಟೆಲಿನ ಗ್ರೇವಿಗೂ, ದೂರದ ಇಂಗ್ಲೆಂಡಿನಲ್ಲಿ ಸುಟ್ಟ ಮಾಂಸದ ಪಕ್ಕಕ್ಕೆ ಸುರಿದುಕೊಳ್ಳುವ ಕಂದು ಗ್ರೇವಿಗೂ ಇದೇ ಪ್ರಶ್ನೆ ಕೇಳಬಹುದು. ಉತ್ತರವೂ ಬಹುಪಾಲು ಒಂದೇ. ಕಂದು ಬಣ್ಣ ಹುಟ್ಟುವುದು ಪಾತ್ರೆಯಿಂದ ನೀರು ಹೊರಗೆ ಹೋದ ಮೇಲೆ. ಗ್ರೇವಿ ಮಂದವಾಗುವುದು ನೀರು ಮತ್ತೆ ಒಳಗೆ ಬಂದ ಮೇಲೆ. ಈ ಎರಡು ಕೆಲಸಗಳ ನಡುವೆ ಒಂದು ಗೆರೆ ಇದೆ. ಮನೆಯಲ್ಲಿ ಗ್ರೇವಿ ಕೆಟ್ಟಾಗ ಸಾಮಾನ್ಯವಾಗಿ ನಡೆದಿರುವುದು ಇಷ್ಟೇ: ಆ ಗೆರೆಯನ್ನು ಹೊತ್ತಿಗೆ ಮುಂಚೆ ದಾಟಿರುತ್ತೇವೆ.

ನೂರು ಡಿಗ್ರಿಯ ಬೇಲಿ

ಹೆಚ್ಚಿದ ಉಳ್ಳಾಗಡ್ಡಿಯನ್ನು ನೀರಿನಲ್ಲಿ ಎಷ್ಟು ಕುದಿಸಿದರೂ ಅದು ಮೆತ್ತಗಾಗುತ್ತದೆ, ಪಾರದರ್ಶಕವಾಗುತ್ತದೆ, ಕೊನೆಗೆ ಕರಗಿಯೂ ಹೋಗುತ್ತದೆ; ಕೆಂಪಗೆ ಮಾತ್ರ ಆಗುವುದಿಲ್ಲ. ಅದೇ ಉಳ್ಳಾಗಡ್ಡಿ ಎಣ್ಣೆಯಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೆ ಬಣ್ಣ ತಿರುಗುತ್ತದೆ. ಉರಿ ಒಂದೇ, ಪಾತ್ರೆ ಒಂದೇ. ವ್ಯತ್ಯಾಸ ಇರುವುದು ತಾಪಮಾನದಲ್ಲಿ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 500 ಮೀಟರ್ ಎತ್ತರದಲ್ಲಿರುವ ಬಳ್ಳಾರಿಯಲ್ಲಿ ಅದು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಉರಿ ಹೆಚ್ಚಿಸಿದರೆ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ, ಇನ್ನಷ್ಟು ಬೇಗ ಆವಿಯಾಗುತ್ತದೆ, ಅಷ್ಟೆ. ಅಡುಗೆ ಪಾತ್ರೆಯಲ್ಲಿ ನೀರಿರುವವರೆಗೆ ತಾಪಮಾನಕ್ಕೆ ಒಂದು ಬೇಲಿ ಇದ್ದಂತೆ.

ಕಂದು ಬಣ್ಣ ತರುವ ರಾಸಾಯನಿಕ ಕ್ರಿಯೆಗಳು ಚುರುಕಾಗುವುದು ಬೇಲಿಯ ಆಚೆಗೆ, 140 ಡಿಗ್ರಿಯ ಹತ್ತಿರ. ಹಾಗೆಂದು ಈಚೆಗೆ ಅವು ಪೂರ್ತಿ ನಿಂತಿರುತ್ತವೆ ಎಂದಲ್ಲ, ತುಂಬಾ ನಿಧಾನ. ತಾಪ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಎರಡು ಪಟ್ಟಾಗುತ್ತದೆ ಎಂದು ಸ್ಥೂಲವಾಗಿ ಹಿಡಿಯೋಣ. 100ರಿಂದ 150 ಡಿಗ್ರಿಗೆ ಹೋಗುವಾಗ ವೇಗ 32 ಪಟ್ಟಾಗುತ್ತದೆ. 150 ಡಿಗ್ರಿಯಲ್ಲಿ ಕಾಲು ಗಂಟೆಯಲ್ಲಿ ಬರುವ ಬಣ್ಣಕ್ಕೆ 100 ಡಿಗ್ರಿಯಲ್ಲಿ ಎಂಟು ಗಂಟೆ ಬೇಕು. ಧಾರವಾಡ ಪೇಡೆ ಮಾಡುವವರು ಹಾಲಿನ ಖೋವಾವನ್ನು ಗಂಟೆಗಟ್ಟಲೆ ಕೈಯಾಡಿಸುತ್ತಾ ಕಂದು ಮಾಡುವುದು ನೆನಪಾಗಬಹುದು. ಅಲ್ಲೂ ನೀರು ಕಡಿಮೆಯಾದಂತೆಲ್ಲ ಬಣ್ಣ ಬೇಗ ಏರುತ್ತದೆ.

ಇನ್ನು ಉಳ್ಳಾಗಡ್ಡಿಯ ಲೆಕ್ಕ. ಅದರ ತೂಕದಲ್ಲಿ ನೂರಕ್ಕೆ 88ರಷ್ಟು ನೀರೇ. ಎರಡು ದೊಡ್ಡ ಗಡ್ಡೆ, 200 ಗ್ರಾಂ ಎಂದುಕೊಂಡರೆ, 176 ಗ್ರಾಂ ನೀರು. ಅದರಲ್ಲಿ 150 ಗ್ರಾಂ ಹೋದರೆ ಬಣ್ಣದ ಕೆಲಸ ಸರಾಗವಾಗಿ ಶುರುವಾಗುತ್ತದೆ. ಕುದಿಯುವ ನೀರನ್ನು ಆವಿ ಮಾಡಲು ಗ್ರಾಂಗೆ 2.26 ಕಿಲೋಜೂಲ್ ಶಾಖ ಬೇಕು. 25 ಡಿಗ್ರಿಯ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾದದ್ದಕ್ಕಿಂತ ಇದು ಏಳು ಪಟ್ಟು. 150 ಗ್ರಾಂಗೆ ಸುಮಾರು 340 ಕಿಲೋಜೂಲ್ ಆಯಿತು. ಒಂದು ಗ್ರಾಂ ಅಡುಗೆ ಅನಿಲ ಉರಿದರೆ ಬರುವುದು 46 ಕಿಲೋಜೂಲ್. ಅದರಲ್ಲಿ ಅರ್ಧ ಮಾತ್ರ ಬಾಣಲೆಗೆ ಸೇರಿತೆಂದರೂ ನೀರನ್ನು ಓಡಿಸುವುದಕ್ಕೇ 15 ಗ್ರಾಂ ಅನಿಲ ಬೇಕು. ಉಳ್ಳಾಗಡ್ಡಿ ಹುರಿಯುವುದರಲ್ಲಿ ಹೆಚ್ಚಿನ ಹೊತ್ತು ನಾವು ಹುರಿಯುತ್ತಿರುವುದೇ ಇಲ್ಲ, ಒಣಗಿಸುತ್ತಿರುತ್ತೇವೆ.

ಈ ಒಣಗಿಸುವಿಕೆ ಮತ್ತೊಂದು ಕೆಲಸವನ್ನೂ ಮಾಡುತ್ತದೆ. 200 ಗ್ರಾಂ ಉಳ್ಳಾಗಡ್ಡಿಯಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇತ್ತು ಎನ್ನಿ. ಅದು ಈಗ 50 ಗ್ರಾಂ ತಿರುಳಿನಲ್ಲಿ ಒತ್ತೊತ್ತಾಗಿ ಕೂತಿದೆ. ಸಕ್ಕರೆಯ ಅಣುವೂ ಪ್ರೋಟೀನಿನ ತುಣುಕೂ ಒಂದಕ್ಕೊಂದು ಎದುರಾಗುವ ಸಂದರ್ಭ ಹೆಚ್ಚಿತು. ಬಿಸಿ ಮತ್ತು ದಟ್ಟಣೆ ಎರಡೂ ಒಟ್ಟಿಗೆ ಏರುವುದರಿಂದಲೇ ಇಷ್ಟು ಹೊತ್ತು ಬಣ್ಣವೇ ಕಾಣದ ಬಾಣಲೆ ಕೊನೆಯ ಎರಡು ಮೂರು ನಿಮಿಷದಲ್ಲಿ ಧಡಕ್ಕನೆ ಕೆಂಪಾಗುವುದು. ಅಲ್ಲಿಯವರೆಗೆ ಉರಿ ಜೋರಾಗಿದ್ದರೆ ಅಡ್ಡಿಯಿಲ್ಲ. ಬಣ್ಣ ತಿರುಗಲು ಶುರುವಾದಾಗ ತಗ್ಗಿಸದಿದ್ದರೆ ಸೀದು ಹೋಗುವುದು ಖಂಡಿತ.

ಥರ್ಮಾಮೀಟರ್ ಬೇಡ, ಕಿವಿ ಸಾಕು. ಮೊದಲಿಗೆ ಕೇಳುವ ಚುರ್ರೆನ್ನುವ ಸದ್ದು ಎಣ್ಣೆಯೊಳಗಿಂದ ಆವಿ ಸಿಡಿದು ಹೊರಬರುವ ಸದ್ದು. ನೀರು ಮುಗಿಯುತ್ತಾ ಬಂದಂತೆ ಅದು ಅಡಗುತ್ತದೆ. ಸದ್ದು ತಗ್ಗಿತೆಂದರೆ ಬೇಲಿ ಬಿತ್ತೆಂದು ಅರ್ಥ.

ಮೈಯಾರ್ ಕಂಡದ್ದು, ಹಾಡ್ಜ್ ಬಿಡಿಸಿದ್ದು

1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಎಂಬ ವೈದ್ಯ, ರಸಾಯನಶಾಸ್ತ್ರಜ್ಞ, ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳನ್ನು ಒಟ್ಟಿಗೆ ಬಿಸಿ ಮಾಡಿದ. ದ್ರಾವಣ ಹಳದಿಯಾಯಿತು, ಕಂದಾಯಿತು, ಇಂಗಾಲದ ಡೈಆಕ್ಸೈಡ್ ಗುಳ್ಳೆಗಳು ಎದ್ದವು. ಅವನ ಲಕ್ಷ್ಯ ಇದ್ದದ್ದು ಅಡುಗೆಮನೆಯ ಕಡೆಗಲ್ಲ. ಜೀವಕೋಶಗಳಲ್ಲಿ ಪ್ರೋಟೀನ್ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದರ ಕಡೆಗೆ. ಆದರೂ ರೊಟ್ಟಿಯ ಚುಕ್ಕೆ, ಹುರಿದ ಕಾಫಿಬೀಜ, ದೋಸೆಯ ಬೆನ್ನು, ಮಸಾಲೆಯ ಕಂದು ಇವೆಲ್ಲದರ ಹಿಂದಿನ ಕ್ರಿಯೆಗೆ ಇಂದು ಅವನದೇ ಹೆಸರು.

ನಲವತ್ತು ವರ್ಷದ ನಂತರ, 1953ರಲ್ಲಿ, ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿದ್ದ ಜಾನ್ ಹಾಡ್ಜ್ ಈ ಗೋಜಲನ್ನು ಹಂತ ಹಂತವಾಗಿ ಬಿಡಿಸಿಟ್ಟ. ಅವನ ನಕ್ಷೆಯನ್ನೇ ಇಂದಿಗೂ ಆಹಾರ ವಿಜ್ಞಾನದ ವಿದ್ಯಾರ್ಥಿಗಳು ಓದುತ್ತಾರೆ. ಸಂಕ್ಷಿಪ್ತವಾಗಿ ಹೀಗಿದೆ: ಗ್ಲೂಕೋಸ್, ಫ್ರಕ್ಟೋಸ್‌ನಂಥ ಸರಳ ಸಕ್ಕರೆ ಅಮೈನೋ ಆಮ್ಲದ ಸಾರಜನಕದ ತುದಿಗೆ ಅಂಟಿಕೊಳ್ಳುತ್ತದೆ, ಆಗ ಒಂದು ನೀರಿನ ಅಣು ಕಳಚಿ ಬೀಳುತ್ತದೆ. ಹೀಗೆ ಆದ ಜೋಡಿ ತನ್ನೊಳಗೆ ಮರುಜೋಡಣೆಯಾಗಿ ಚೂರು ಚೂರಾಗಿ ಒಡೆಯುತ್ತದೆ. ಆ ಚೂರುಗಳಲ್ಲಿ ಹಗುರವಾದವು ಹಾರಿ ಮೂಗಿಗೆ ಬರುತ್ತವೆ, ಅದೇ ಘಮ. ಉಳಿದವು ಒಂದಕ್ಕೊಂದು ಸೇರಿ ಮೆಲನಾಯ್ಡಿನ್ ಎಂಬ ದೊಡ್ಡ ಕಂದು ಅಣುಗಳಾಗುತ್ತವೆ, ಅದೇ ಬಣ್ಣ. ಬಣ್ಣಕ್ಕೂ ಘಮಕ್ಕೂ ತಾಯಿಬೇರು ಒಂದೇ ಆದ್ದರಿಂದಲೇ, ಬಣ್ಣ ನೋಡಿ ರುಚಿ ಹೇಳುವ ಅಡುಗೆಯವರ ಅಂದಾಜು ಅಷ್ಟೊಂದು ಸರಿ ಬರುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಕ್ರಿಯೆ ನಡೆಯುತ್ತಿರುತ್ತದೆ. ಅಮೈನೋ ಆಮ್ಲದ ಹಂಗಿಲ್ಲದೆ ಸಕ್ಕರೆ ತಾನೇ ಬಿಸಿಗೆ ಒಡೆದು ಕಂದಾಗುವುದು, ಅಂದರೆ ಕ್ಯಾರಮೆಲ್. ಫ್ರಕ್ಟೋಸ್ 110 ಡಿಗ್ರಿ ಆಸುಪಾಸಿನಲ್ಲೇ ಇದಕ್ಕೆ ತೊಡಗುತ್ತದೆ, ಮಾಮೂಲಿ ಸಕ್ಕರೆಗೆ 160 ಡಿಗ್ರಿ ಬೇಕು. ಉಳ್ಳಾಗಡ್ಡಿಯಲ್ಲಿ ಎರಡೂ ಕ್ರಿಯೆಗಳು ಸೇರಿಯೇ ನಡೆಯುತ್ತವೆ. ಶೇಂಗಾದಲ್ಲಿ, ಮಾಂಸದಲ್ಲಿ ಪ್ರೋಟೀನ್ ಹೆಚ್ಚು, ಸಕ್ಕರೆ ಕಡಿಮೆ. ಅಲ್ಲಿ ಮೈಯಾರ್‌ದೇ ಮೇಲುಗೈ.

ಹುಳಿ ಈ ಕ್ರಿಯೆಗೆ ಅಡ್ಡಗಾಲು. ಆಮ್ಲದಲ್ಲಿ ಹೈಡ್ರೋಜನ್ ಅಯಾನುಗಳು ಹೇರಳ. ಅವು ಅಮೈನೋ ಆಮ್ಲದ ಸಾರಜನಕದ ತುದಿಯನ್ನು ಮೊದಲೇ ಹಿಡಿದುಕೊಂಡುಬಿಡುತ್ತವೆ, ಸಕ್ಕರೆಗೆ ಜಾಗ ಸಿಗುವುದಿಲ್ಲ. ಹುಣಸೆರಸವನ್ನು ಕೊನೆಗೆ ಹಾಕುವ ವಾಡಿಕೆಗೆ ಇದೊಂದು ಕಾರಣ. ಇನ್ನೊಂದು ಕಾರಣ, ಹುಳಿ ಮೊದಲೇ ಬಿದ್ದರೆ ಕಾಯಿ ಬೇಗ ಮೆತ್ತಗಾಗುವುದಿಲ್ಲ; ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಆಮ್ಲದಲ್ಲಿ ಗಟ್ಟಿಯಾಗಿಯೇ ಉಳಿಯುತ್ತದೆ. ಟೊಮೆಟೊಗೂ ಇದೇ ಮಾತು, ಅದರ ಜತೆಗೆ ಅದು ಬಾಣಲೆಗೆ ಮತ್ತೆ ನೀರನ್ನೂ ತರುತ್ತದೆ. ಉಳ್ಳಾಗಡ್ಡಿ ಕೆಂಪಾಗುವ ಮೊದಲೇ ಟೊಮೆಟೊ ಸುರಿದರೆ ಹುಳಿಯೂ ಬಂತು, ಬೇಲಿಯೂ ಮತ್ತೆ ಎದ್ದಿತು.

ಒಣಭೂಮಿಯ ಕಾಳುಗಳು

ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಬಳ್ಳಾರಿಯ ಬಯಲು ಬಹುಕಾಲ ಜೋಳ, ಎಣ್ಣೆಕಾಳು, ಬೇಳೆಕಾಳುಗಳ ನೆಲ. ಇಲ್ಲಿನ ಮಸಾಲೆಯ ಬೆನ್ನೆಲುಬೂ ಅವೇ: ಶೇಂಗಾ, ಎಳ್ಳು, ಗುರೆಳ್ಳು, ಜತೆಗೆ ಒಣಕೊಬ್ಬರಿ. ಕರಾವಳಿಯ ಮಸಾಲೆಗೆ ಹಸಿ ತೆಂಗಿನಕಾಯಿ ಬೀಳುತ್ತದೆ, ಅದರಲ್ಲಿ ಅರ್ಧದಷ್ಟು ನೀರು. ಬಯಲುಸೀಮೆಯ ಮಸಾಲೆಗೆ ಬೀಳುವುದು ಬಿಸಿಲಿಗೆ ಒಣಗಿದ ಸಾಮಾನು. ಉಳ್ಳಾಗಡ್ಡಿಯಿಂದ ಕಾಲು ಗಂಟೆ ಓಡಿಸಬೇಕಾದ ನೀರನ್ನು ಇವುಗಳಿಂದ ಬಿಸಿಲು ಆಗಲೇ ಓಡಿಸಿದೆ. ಆದ್ದರಿಂದ ಹಂಚಿಗೆ ಹಾಕಿದ ಎರಡು ಮೂರು ನಿಮಿಷಕ್ಕೇ ಇವು ಬೇಲಿ ದಾಟಿ ಕಂದಾಗಲು ತೊಡಗುತ್ತವೆ.

ಶೇಂಗಾದಲ್ಲಿ ಕಾಲು ಪಾಲು ಪ್ರೋಟೀನ್, ಅರ್ಧದಷ್ಟು ಎಣ್ಣೆ, ಒಂದಿಷ್ಟು ಸಕ್ಕರೆ. ಹುರಿದಾಗ ಅಮೈನೋ ಆಮ್ಲಗಳೂ ಸಕ್ಕರೆಯೂ ಸೇರಿ ಪೈರಜೀನ್ ಎಂಬ ಜಾತಿಯ ಅಣುಗಳು ಹುಟ್ಟುತ್ತವೆ. ಬಳ್ಳಾರಿಯ ಯಾವುದೇ ಬೀದಿಯ ಮೂಲೆಯಲ್ಲಿ ಶೇಂಗಾ ಹುರಿಯುತ್ತಿದ್ದರೆ ದೂರದಿಂದಲೇ ಗೊತ್ತಾಗುವುದು ಇವುಗಳಿಂದ; ಗಾಳಿಯಲ್ಲಿ ಅತ್ಯಲ್ಪ ಇದ್ದರೂ ಮೂಗು ಇವನ್ನು ಹಿಡಿಯುತ್ತದೆ. ಇವು ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಕಾಳಿನೊಳಗೇ ಎಣ್ಣೆ ಇರುವುದರಿಂದ ಘಮದ ಒಂದು ಪಾಲು ಅಲ್ಲೇ ಉಳಿದು ಗ್ರೇವಿಗೆ ಇಳಿಯುತ್ತದೆ.

ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು ಎನ್ನುವುದು ಬರಿಯ ಶಿಸ್ತಿನ ಮಾತಲ್ಲ. ಎಳ್ಳು ಸಣ್ಣದು, ಶಾಖ ಒಳಗಿಳಿಯಲು ಅದಕ್ಕೆ ಕ್ಷಣ ಸಾಕು. ಶೇಂಗಾದ ನಡುವಿಗೆ ಬಿಸಿ ಮುಟ್ಟಲು ನಿಮಿಷಗಳು ಬೇಕು. ಕೊಬ್ಬರಿ ತುರಿಯ ಅಂಚುಗಳು ಕಾಗದದಷ್ಟು ತೆಳು. ಮೂರನ್ನೂ ಒಟ್ಟಿಗೆ ಸುರಿದರೆ ಶೇಂಗಾ ಹದಕ್ಕೆ ಬರುವ ಹೊತ್ತಿಗೆ ಎಳ್ಳು ಕರಕಲಾಗಿರುತ್ತದೆ. ಒಲೆ ಆರಿಸಿದ ಮೇಲೂ ಕಬ್ಬಿಣದ ಹಂಚು ಬಿಸಿ ಹಿಡಿದುಕೊಂಡಿರುತ್ತದೆ, ಕಾಳು ತನ್ನೊಳಗಿನ ಶಾಖದಲ್ಲೇ ಇನ್ನಷ್ಟು ಹುರಿದುಕೊಳ್ಳುತ್ತದೆ. ಬೇಕಾದ ಬಣ್ಣಕ್ಕಿಂತ ತುಸು ಮೊದಲೇ ತಟ್ಟೆಗೆ ಸುರಿಯಬೇಕು.

ಕಂದು ದಾಟಿದರೆ ಕಪ್ಪು. ಅಲ್ಲಿ ಘಮದ ಅಣುಗಳೂ ಒಡೆದು ಕಹಿ ಮಾತ್ರ ಉಳಿಯುತ್ತದೆ. ಆರೋಗ್ಯದ ಪ್ರಶ್ನೆಯೂ ಇದೆ. 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹುರಿದ, ಕರಿದ ಪಿಷ್ಟದ ಆಹಾರಗಳಲ್ಲಿ ಅಕ್ರಿಲಮೈಡ್ ಇರುವುದನ್ನು ತೋರಿಸಿದರು. ಆಸ್ಪರಜಿನ್ ಎಂಬ ಅಮೈನೋ ಆಮ್ಲವೂ ಸಕ್ಕರೆಯೂ 120 ಡಿಗ್ರಿ ಮೇಲೆ ಕೂಡಿದಾಗ ಹುಟ್ಟುವ ವಸ್ತು ಅದು. ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಪಟ್ಟಿಯಲ್ಲಿದೆ. ಬಣ್ಣ ಗಾಢವಾದಷ್ಟೂ ಅದರ ಪ್ರಮಾಣ ಸಾಮಾನ್ಯವಾಗಿ ಏರುತ್ತದೆ. ಸೀದ ಮಸಾಲೆಯನ್ನು ಚೆಲ್ಲಿ ಹೊಸದಾಗಿ ಹುರಿಯಲು ರುಚಿಯೊಂದೇ ಕಾರಣವಲ್ಲ.

ಕೆಂಪು ಬೇರೆ, ಕಂದು ಬೇರೆ

ಕುರುಗೋಡು, ಸಿರುಗುಪ್ಪ, ಬಳ್ಳಾರಿ ಸುತ್ತಿನ ಎರೆಹೊಲಗಳಲ್ಲಿ ಬ್ಯಾಡಗಿ ಮತ್ತು ಗುಂಟೂರು ಜಾತಿಯ ಮೆಣಸಿನಕಾಯಿ ದೊಡ್ಡ ಬೆಳೆ. ಕಣದಲ್ಲಿ ಒಣಗಿದ ಕಾಯಿ ಲಾರಿಗಟ್ಟಲೆ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಬ್ಯಾಡಗಿಗೆ ಹೆಸರು ಬಂದಿರುವುದು ಬಣ್ಣಕ್ಕೆ, ಗುಂಟೂರಿಗೆ ಖಾರಕ್ಕೆ. ಬಣ್ಣ ಕೊಡುವುದು ಕ್ಯಾಪ್ಸಾಂಥಿನ್, ಖಾರ ಕೊಡುವುದು ಕ್ಯಾಪ್ಸೈಸಿನ್. ಹೆಸರು ಹತ್ತಿರವಿದ್ದರೂ ಅಣುಗಳು ಬೇರೆ ಬೇರೆ. ಅದಕ್ಕೇ ಕಡುಕೆಂಪು ಕಾಯಿ ಸಪ್ಪೆಯಾಗಿರಲು ಸಾಧ್ಯ.

ಕ್ಯಾಪ್ಸಾಂಥಿನ್ ಕ್ಯಾರಟ್ಟಿನ ಬಣ್ಣದ ಕುಲಕ್ಕೆ ಸೇರಿದ್ದು. ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಮೆಲನಾಯ್ಡಿನ್‌ಗಳ ದೊಡ್ಡ ಪಾಲು ನೀರಿಗೆ ಇಳಿಯುತ್ತದೆ. ಎಣ್ಣೆಗಾಯಿಯ ಬಾಣಲೆಯಲ್ಲಿ ಮೇಲೆ ಕೆಂಪು, ಕೆಳಗೆ ಕಂದು ಕಾಣುವುದಕ್ಕೆ ವಿವರಣೆ ಇದೇ. ಎರಡು ಬಣ್ಣಗಳು ತಮ್ಮ ತಮ್ಮ ದ್ರವವನ್ನು ಆರಿಸಿಕೊಂಡಿವೆ.

ಇವೆರಡರ ಸ್ವಭಾವವೂ ಎದುರುಬದುರು. ಕಂದು ಬಿಸಿಯಿಂದ ಹುಟ್ಟುತ್ತದೆ, ಕೆಂಪು ಅತಿ ಬಿಸಿಗೆ ಸಾಯುತ್ತದೆ. ಖಾರದಪುಡಿ ನುಣುಪು, ಒಣಗಿದ್ದು, ಒಳಗೆ ಸಕ್ಕರೆಯೂ ಇದೆ. ಕಾದ ಎಣ್ಣೆಗೆ ಬಿದ್ದರೆ ಕ್ಷಣಗಳಲ್ಲಿ ಕರಿಯಾಗಿ ಘಾಟು ಹಾಯುತ್ತದೆ. ಹಾಗಾಗಿ ಉಳ್ಳಾಗಡ್ಡಿಯ ಬಣ್ಣ ಬಂದ ಮೇಲೆ, ಉರಿ ತಗ್ಗಿಸಿ, ಖಾರದಪುಡಿ ಬೆರೆಸಿ, ಎಣ್ಣೆಗೆ ಕೆಂಪು ಇಳಿಯುತ್ತಿದ್ದಂತೆ ಒಂದು ಸೌಟು ನೀರು ಹಾಕಬೇಕು. ಇಷ್ಟು ಹೊತ್ತು ನಾವು ಓಡಿಸುತ್ತಿದ್ದ ನೀರು ಈಗ ಕಾವಲಿಗೆ ಬಂತು: ತಾಪ ತಟ್ಟನೆ 100ಕ್ಕೆ ಇಳಿಯುತ್ತದೆ, ಕೆಂಪು ಉಳಿಯುತ್ತದೆ.

ಕಂದೆಲ್ಲ ಒಂದೇ ಅಲ್ಲ

ಹೆಚ್ಚಿಟ್ಟ ಬದನೆಕಾಯಿಯೂ ಕಂದಾಗುತ್ತದೆ, ಒಲೆಯ ಹತ್ತಿರ ಸುಳಿಯದೆಯೇ. ಅದು ಕಿಣ್ವದ ಕೆಲಸ. ಕತ್ತಿ ಜೀವಕೋಶವನ್ನು ಸೀಳಿದಾಗ ಒಳಗೆ ಬೇರೆ ಬೇರೆ ಕೋಣೆಗಳಲ್ಲಿದ್ದ ಫೀನಾಲ್‌ಗಳೂ ಕಿಣ್ವವೂ ಗಾಳಿಯ ಆಮ್ಲಜನಕದ ಎದುರು ಭೇಟಿಯಾಗುತ್ತವೆ. ಉಪ್ಪುನೀರಿನಲ್ಲಿ ಮುಳುಗಿಸಿಟ್ಟರೆ ಗಾಳಿ ತಾಗದು, ಕಿಣ್ವವೂ ಮಂಕಾಗುತ್ತದೆ. ಈ ಕಂದಿಗೆ ಘಮವಿಲ್ಲ.

ಇನ್ನೊಂದು ಕಬ್ಬಿಣದ ಕಪ್ಪು. ಕಬ್ಬಿಣದ ಬಾಣಲೆಯಲ್ಲಿ ಹುಣಸೆರಸ ಹೆಚ್ಚು ಹೊತ್ತು ನಿಂತರೆ ಹುಳಿಗೆ ಕಬ್ಬಿಣ ಕರಗುತ್ತದೆ. ಬದನೆಕಾಯಿಯ ಫೀನಾಲ್‌ಗಳ ಜತೆ ಸೇರಿ ಮಸಿಬಣ್ಣವಾಗುತ್ತದೆ. ಹಳೆಯ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ತತ್ವದ ಮೇಲೆ. ಹುರಿಯಲು ಕಬ್ಬಿಣ ಒಳ್ಳೆಯದು, ಹುಳಿ ಹಾಕಿ ಕುದಿಸಲು ಬೇರೆ ಪಾತ್ರೆಯೇ ಮೇಲು.

ಮೂರನೆಯದು ಬೆಲ್ಲದ್ದು. ಗಾಣದ ಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ನೀರು ಹೋದಂತೆಲ್ಲ ಹುಟ್ಟಿದ ಕಂದು ಅದು. ಬೆಲ್ಲ ಹಾಕುವವರು ಬೇರೆಲ್ಲೋ ಆದ ಹುರಿಯುವ ಕೆಲಸದ ಒಂದು ತುಣುಕನ್ನು ತಮ್ಮ ಗ್ರೇವಿಗೆ ಎರವಲು ತರುತ್ತಿರುತ್ತಾರೆ.

ಮಾಂಸದ ಮಾತು

ಮಟನ್ ತುಂಡುಗಳನ್ನು ತೊಳೆದು ಹಾಗೇ ಹಸಿಹಸಿಯಾಗಿ, ಬಾಣಲೆ ತುಂಬ ಸುರಿದರೆ ಏನಾಗುತ್ತದೆಂದು ನೋಡಿದವರಿಗೆ ಗೊತ್ತು: ನೀರು ಬಿಟ್ಟುಕೊಂಡು ಬೂದುಬಣ್ಣಕ್ಕೆ ಬೇಯುತ್ತದೆ. ನೀರು ಹೊರಬರುವ ವೇಗ ಆವಿಯಾಗುವ ವೇಗವನ್ನು ಮೀರಿತು, ಬೇಲಿ ಬೀಳಲೇ ಇಲ್ಲ. ನೀರು ಬಸಿದು, ಒರೆಸಿ, ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಅದೇ ತುಂಡು ಕಂದಾಗುತ್ತದೆ.

ಹೀಗೆ ಹೊರಮೈ ಹುರಿದರೆ ಮಾಂಸದ ರಸ ಒಳಗೇ ಉಳಿಯುತ್ತದೆ ಎಂಬ ನಂಬಿಕೆಗೆ 1847ರಲ್ಲಿ ಬಲ ಕೊಟ್ಟವನು ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞ ಯುಸ್ಟಸ್ ಫಾನ್ ಲೀಬಿಗ್. ಅದು ತಪ್ಪೆಂದು ನಂತರ ತೂಕ ಹಾಕಿ ನೋಡಿದ ಪ್ರಯೋಗಗಳು ತೋರಿಸಿದವು. ಹುರಿದ ಮಾಂಸವೂ ಅಷ್ಟೇ ರಸ ಕಳೆದುಕೊಳ್ಳುತ್ತದೆ. ಹುರಿಯಬೇಕಾದದ್ದು ಘಮಕ್ಕಾಗಿ.

ಕುಕ್ಕರ್ ಇಲ್ಲೊಂದು ಅಪವಾದ. ಮುಚ್ಚಿದ ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿಗೆ ಕುದಿಯುತ್ತದೆ, ಬೇಲಿಯೇ 20 ಡಿಗ್ರಿ ಆಚೆಗೆ ಸರಿದಂತೆ. ನೀರಿದ್ದರೂ ಕಂದಾಗುವ ಕ್ರಿಯೆಗೆ ಒಂದಿಷ್ಟು ಎಡೆ ಸಿಗುತ್ತದೆ. ಕುಕ್ಕರಿನ ಸಾರು ತೆರೆದ ಪಾತ್ರೆಯಲ್ಲಿ ಬೆಂದ ಸಾರಿಗಿಂತ ತುಸು ಗಾಢವಾಗಿ ಕಂಡರೆ ಆಶ್ಚರ್ಯಪಡಬೇಕಿಲ್ಲ.

ನೀರು ಬರುವ ಹೊತ್ತು

ಉಳ್ಳಾಗಡ್ಡಿ, ಹುರಿದ ಕಾಳು, ಕೊಬ್ಬರಿ ಎಲ್ಲವನ್ನೂ ರುಬ್ಬುವುದು ಮುಂದಿನ ಹಂತ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಜನ ಕಾಳು ಅರೆದ ಕುಳಿಗಳು ಬಂಡೆಗಳಲ್ಲಿ ಇಂದಿಗೂ ಇವೆ. ಅವರಿಗೆ ಹುರುಳಿ, ಹೆಸರು ಗೊತ್ತಿತ್ತು. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಇತ್ತ ಬರಲು ಇನ್ನೂ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳಿದ್ದವು. ಸಾಮಾನು ಬದಲಾಯಿತು, ಅರೆಯುವ ಉದ್ದೇಶ ಬದಲಾಗಿಲ್ಲ. ಜೀವಕೋಶದ ಗೋಡೆ ಒಡೆದರೆ ಒಳಗಿನ ಎಣ್ಣೆ, ಪ್ರೋಟೀನ್, ಪಿಷ್ಟ ಹೊರಗೆ ಬರುತ್ತವೆ, ಹಿಡಿದುಕೊಳ್ಳಲು ನೀರಿಗೆ ಹಲವು ಪಟ್ಟು ಹೆಚ್ಚು ಮೇಲ್ಮೈ ಸಿಗುತ್ತದೆ.

ರುಬ್ಬಿದ್ದನ್ನು ಮತ್ತೆ ಎಣ್ಣೆಗೆ ಹಾಕಿ ಬಾಡಿಸುವಾಗ ಹಿರಿಯರು ಹೇಳುವ ಮಾತು ಒಂದೇ: “ಎಣ್ಣೆ ಬಿಡೋತನಕ ಕೈಯಾಡಿಸಬೇಕವ್ವಾ.” ಇದೊಂದು ಪಕ್ಕಾ ಅಳತೆಗೋಲು. ರುಬ್ಬಿದ ಮುದ್ದೆಯಲ್ಲಿ ನೀರು ಇರುವವರೆಗೆ ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ನೀರು ಹೋದಂತೆ ಹನಿಗಳು ಒಂದಕ್ಕೊಂದು ಕೂಡಿ ಅಂಚಿನಲ್ಲಿ ಜಿನುಗುತ್ತವೆ. ಎಣ್ಣೆ ಕಂಡಿತೆಂದರೆ ನೀರು ಹೋಯಿತು, ತಾಪ ಏರತೊಡಗಿತು, ಬಳ್ಳೊಳ್ಳಿಯ ಹಸಿವಾಸನೆ ಹೋಗುತ್ತಿದೆ ಎಂದು ಮೂರು ಸುದ್ದಿ ಒಟ್ಟಿಗೆ ತಿಳಿದಂತೆ.

ಈಗ ನೀರು ಹಾಕಬಹುದು. ತಳಕ್ಕೆ ಹಿಡಿದ ಕಂದು ಪದರವನ್ನು ಸೌಟಿನಿಂದ ಕೆರೆದು ಕರಗಿಸಿ. ಅದು ಕರಿ ಆಗಿರದಿದ್ದರೆ ಅಲ್ಲಿರುವುದು ಅತ್ಯಂತ ಗಾಢವಾದ ಮೈಯಾರ್ ಸಾರ. ಇಂಗ್ಲಿಷರ ಗ್ರೇವಿ ಹುಟ್ಟುವುದೂ ಹೀಗೇ, ಮಾಂಸ ಸುಟ್ಟ ತಟ್ಟೆಯ ತಳಕ್ಕೆ ಅಂಟಿದ ಕಂದನ್ನು ಕರಗಿಸಿಕೊಂಡು.

ಮಂದ ಮಾಡುವ ದಾರಿಯಲ್ಲಿ ಮಾತ್ರ ಅವರೂ ನಾವೂ ಕವಲೊಡೆಯುತ್ತೇವೆ. ಅವರದು ಗೋಧಿಹಿಟ್ಟು. ಫ್ರೆಂಚ್ ಅಡುಗೆಯ ದೊಡ್ಡ ಹೆಸರಾದ ಎಸ್ಕಾಫಿಯೆ 1903ರ ತನ್ನ ಕೈಪಿಡಿಯಲ್ಲಿ ವಿವರಿಸುವ ಕಂದು ಸಾಸಿಗೂ ಬೆಣ್ಣೆಯಲ್ಲಿ ಹುರಿದ ಹಿಟ್ಟೇ ಆಧಾರ. ಪಿಷ್ಟದ ಕಣಗಳು ಬಿಸಿನೀರಿನಲ್ಲಿ ನೀರು ಕುಡಿದು ಉಬ್ಬುತ್ತವೆ. ಗೋಧಿಯದಕ್ಕೆ 60 ಡಿಗ್ರಿ ಆಸುಪಾಸು ಸಾಕು, ಜೋಳಕ್ಕೂ ಅಕ್ಕಿಗೂ 70 ಡಿಗ್ರಿ ದಾಟಬೇಕು. ಉಬ್ಬಿದ ಕಣಗಳು ಒಂದಕ್ಕೊಂದು ಒತ್ತಿಕೊಂಡಾಗ ದ್ರವ ಮಂದವಾಗುತ್ತದೆ. ಹಿಟ್ಟನ್ನು ಹುರಿದಷ್ಟೂ ಪಿಷ್ಟದ ಸರಪಳಿಗಳು ತುಂಡಾಗಿ ಆ ಬಲ ಕುಗ್ಗುತ್ತದೆ. ಅವರ ಹಿಟ್ಟಿಗೆ ಬಣ್ಣ ಬೇಕೋ ಮಂದ ಬೇಕೋ ಎಂಬ ಚೌಕಾಸಿ ತಪ್ಪಿದ್ದಲ್ಲ.

ಶೇಂಗಾ, ಎಳ್ಳಿನ ಗ್ರೇವಿಗೆ ಆ ಚೌಕಾಸಿ ಇಲ್ಲ. ಇವುಗಳಲ್ಲಿ ಪಿಷ್ಟ ಕಡಿಮೆ; ಮಂದ ಬರುವುದು ನೀರು ಹೀರುವ ಪ್ರೋಟೀನ್ ಮತ್ತು ನಾರಿನ ನುಣ್ಣನೆಯ ಕಣಗಳಿಂದ, ಅವುಗಳ ನಡುವೆ ಸಿಕ್ಕ ಎಣ್ಣೆಹನಿಗಳಿಂದ. ಹದವಾಗಿ ಕಂದು ಮಾಡಿದರೂ ಆ ಬಲ ಬಹುಪಾಲು ಉಳಿದಿರುತ್ತದೆ. ಸಾಲದಿದ್ದಾಗ ಪುಟಾಣಿ ಹಿಟ್ಟೋ ಒಂದು ಚಮಚ ಜೋಳದ ಹಿಟ್ಟೋ ಬೀಳುತ್ತದೆ. ಅದನ್ನು ತಣ್ಣೀರಿನಲ್ಲಿ ಕದಡಿಯೇ ಹಾಕಬೇಕು. ಒಣಹಿಟ್ಟು ಕುದಿಯುವ ಸಾರಿಗೆ ಬಿದ್ದರೆ ಹೊರಗಿನ ಕಣಗಳು ತಕ್ಷಣ ಉಬ್ಬಿ ಅಂಟಾಗಿ ಒಂದು ಪೊರೆ ಕಟ್ಟುತ್ತವೆ, ಒಳಗಿನ ಹಿಟ್ಟಿಗೆ ನೀರು ತಲುಪುವುದೇ ಇಲ್ಲ. ಗಂಟು ಎಂದರೆ ಅದೇ.

ಎಷ್ಟು ಮಂದ ಎನ್ನುವುದನ್ನು ನಿರ್ಧರಿಸುವುದು ಪಕ್ಕದಲ್ಲಿರುವ ಅನ್ನವೋ ರೊಟ್ಟಿಯೋ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಕಾಲುವೆ ನೀರು ಹರಿದ ಮೇಲೆ ಸಿರುಗುಪ್ಪದ ಸುತ್ತ ಭತ್ತದ ಗದ್ದೆಗಳು ಹಬ್ಬಿದವು. ಅನ್ನದ ಅಗುಳುಗಳ ನಡುವೆ ಇಳಿಯಲು ಗ್ರೇವಿ ಹರಿಯಬೇಕು. ಜೋಳದ ರೊಟ್ಟಿಯ ತುಣುಕಿನಲ್ಲಿ ಎತ್ತಿಕೊಳ್ಳಲು ಅದು ನಿಲ್ಲಬೇಕು. ಅದೇ ಮಸಾಲೆ, ಅನ್ನಕ್ಕಾದರೆ ಒಂದು ಲೋಟ ನೀರು ಹೆಚ್ಚು. ಹಿಟ್ಟು ಬಿದ್ದ ಗ್ರೇವಿ ರಾತ್ರಿ ಸರಿಯಿದ್ದು ಬೆಳಿಗ್ಗೆ ಗಟ್ಟಿಯಾಗಿರುವುದು ಪಿಷ್ಟದ ಸರಪಳಿಗಳು ತಣ್ಣಗಾದಾಗ ಮತ್ತೆ ಒತ್ತಾಗಿ ಜೋಡಿಕೊಳ್ಳುವುದರಿಂದ. ಬಿಸಿನೀರು ಬೆರೆಸಿ ಕಾಯಿಸಿದರೆ ಸಡಿಲವಾಗುತ್ತದೆ.

ಮನೆಯಲ್ಲೇ ಒಂದು ಪ್ರಯೋಗ

ಹೆಚ್ಚಿದ ಉಳ್ಳಾಗಡ್ಡಿಯನ್ನು ಮೂರು ಸಮಪಾಲು ಮಾಡಿ. ಒಂದನ್ನು ಹಾಗೇ, ಇನ್ನೊಂದಕ್ಕೆ ಒಂದು ಚಮಚ ಹುಣಸೆರಸ, ಮತ್ತೊಂದಕ್ಕೆ ಚಿಟಿಕೆ ಅಡುಗೆ ಸೋಡಾ ಬೆರೆಸಿ, ಒಂದೇ ಅಳತೆಯ ಎಣ್ಣೆಯಲ್ಲಿ ಒಂದೇ ಉರಿಯಲ್ಲಿ ಒಂದಾದ ಮೇಲೊಂದು ಹುರಿಯಿರಿ. ಸೋಡಾದ್ದು ಎಲ್ಲಕ್ಕಿಂತ ಮೊದಲು ಕಂದಾಗುತ್ತದೆ, ಕ್ಷಾರದಲ್ಲಿ ಅಮೈನೋ ತುದಿಗಳು ಬಿಡುವಾಗಿರುತ್ತವೆ. ಆದರೆ ಜೀವಕೋಶದ ಗೋಡೆಗಳು ಕರಗಿ ಮುದ್ದೆಯಾಗುತ್ತದೆ, ಸೋಡಾ ಹೆಚ್ಚಾದರೆ ಸಾಬೂನಿನ ರುಚಿಯೂ ಬರುತ್ತದೆ. ಹುಣಸೆಯದು ಎಲ್ಲಕ್ಕಿಂತ ಹಿಂದೆ. ಹುಳಿಯನ್ನು ಯಾವಾಗ ಹಾಕಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಷ್ಟು ತಿಳಿದ ಮೇಲೆ ಕೆಟ್ಟ ಗ್ರೇವಿಯನ್ನು ಓದಲೂ ಬರುತ್ತದೆ. ತೆಳುವಾಗಿದ್ದರೆ ಇನ್ನೂ ಕುದಿಸಿ, ಇಲ್ಲವೇ ಕದಡಿದ ಹಿಟ್ಟು ಹಾಕಿ. ಗಟ್ಟಿಯಾದರೆ ಬಿಸಿನೀರು ಸೇರಿಸಿ. ಕಹಿಯಾಗಿದ್ದರೆ ಎಲ್ಲೋ ಬಣ್ಣ ಕಪ್ಪಿಗೆ ದಾಟಿದೆ. ಬೆಲ್ಲ ಅದನ್ನು ಸ್ವಲ್ಪ ಮರೆಮಾಚೀತು, ತೆಗೆದುಹಾಕದು. ಇನ್ನು ಮಂಕಾಗಿ, ಹಸಿಹಸಿಯಾಗಿ ಇದ್ದರೆ ಅದೇ ಪಾತ್ರೆಯಲ್ಲಿ ಎಷ್ಟು ಕುದಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ, ಬೇಲಿಯ ಒಳಗೇ ಸುತ್ತುತ್ತಿರುತ್ತದೆ. ಮಸಾಲೆಯ ಒಂದೆರಡು ಸೌಟನ್ನು ಬೇರೆ ಬಾಣಲೆಗೆ ತೆಗೆದುಕೊಂಡು, ನೀರಾರಿ ಎಣ್ಣೆ ಬಿಟ್ಟು ಬಣ್ಣ ತಿರುಗುವವರೆಗೆ ಬಾಡಿಸಿ, ಮತ್ತೆ ಮೂಲ ಪಾತ್ರೆಗೆ ಸುರಿದು ಒಂದು ಕುದಿ ಬರಿಸಿ. ಇಡೀ ಪಾತ್ರೆಯ ನೀರನ್ನು ಓಡಿಸುವ ಬದಲು ಎರಡು ಸೌಟಿನದನ್ನು ಓಡಿಸಿದರೆ ಸಾಕು. ಉಳಿದದ್ದಕ್ಕೆಲ್ಲ ಆ ಬಣ್ಣವನ್ನೂ ಘಮವನ್ನೂ ನೀರೇ ಹಂಚುತ್ತದೆ.